ಮಾರ್ಕ್ ಮಾರ್ಟಿನ್‌ಗೆ 1990ರ ಪಟ್ಟ ತಪ್ಪಿದ್ದು ಸ್ಪೇಸರ್ ತಟ್ಟೆಯಿಂದಲೇ?

ಎಡತಿರುವು: ಅಮೆರಿಕದ ಕಾರ್ ರೇಸಿಂಗ್ ಸಂಸ್ಥೆ ನ್ಯಾಸ್ಕಾರ್‌ನ ಮುಖ್ಯ ಸರಣಿ ‘ಕಪ್’ನಲ್ಲಿ ಮಾರ್ಟಿನ್ 882 ರೇಸ್ ಓಡಿಸಿ 40 ಗೆದ್ದರು. ಆದರೂ ಕಪ್ ಪಟ್ಟ ಒಂದೂ ಇಲ್ಲ. 1990, 1994, 1998, 2002, 2009, ಐದು ಸಲವೂ ಎರಡನೇ ಸ್ಥಾನ. 1990ರ ಮಾತು ಬಂದರೆ ಎಲ್ಲರೂ ‘ಕಾರ್ಬ್ಯುರೇಟರ್ ಸ್ಪೇಸರ್’ ಅಂತಾರೆ. ಅದರಲ್ಲಿ ತಪ್ಪೇನಿತ್ತು? ಅದಕ್ಕೆ ಶಿಕ್ಷೆಯಾಗಿ, ರೇಸಿನ ಗೆಲುವು ಉಳಿಸಿ 46 ಪಾಯಿಂಟ್ ಕಿತ್ತದ್ದು ಯಾವ ಲೆಕ್ಕ? ಇನ್ನೊಂದು, 2009ರಲ್ಲಿ 50ನೇ ವಯಸ್ಸಲ್ಲಿ ಅವರು ಅಷ್ಟು ವೇಗವಾಗಿ ಓಡಿಸಿದ್ದು ಹೇಗೆ?

ಗ್ಯಾಸ್ಕೆಟ್: ಸ್ಪೇಸರ್ ಅಂದರೆ ಕಾರ್ಬ್ಯುರೇಟರ್ (ಗಾಳಿ-ಪೆಟ್ರೋಲ್ ಬೆರೆಸುವ ಭಾಗ) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ (ಆ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳು) ನಡುವೆ ಕೂರುವ ತಟ್ಟೆ. ಇದು ಎರಡು ಕೆಲಸ ಮಾಡುತ್ತೆ. ಕಾರ್ಬ್ಯುರೇಟರ್ ಕೆಳಗಿನ ಜಾಗ ಹೆಚ್ಚಿಸಿ ಗಾಳಿ-ಪೆಟ್ರೋಲ್ ಮಿಶ್ರಣ ನೇರವಾಗಿ ಇಳಿದು ಆಮೇಲೆ ಸಿಲಿಂಡರಿನ ಬಾಯಿ (ಪೋರ್ಟ್) ಕಡೆ ತಿರುಗೋಕೆ ಅವಕಾಶ ಕೊಡುತ್ತೆ. ಮ್ಯಾನಿಫೋಲ್ಡಿನ ಬಿಸಿ ಕಾರ್ಬ್ಯುರೇಟರಿಗೆ ಏರದಂತೆ ಸ್ವಲ್ಪ ತಡೆಯುತ್ತೆ. 1990ರ ಫೆಬ್ರುವರಿಯಲ್ಲಿ ರಿಚ್ಮಂಡ್ ಗೆದ್ದ ಮೇಲೆ ತಪಾಸಣೆಯಲ್ಲಿ ಮಾರ್ಟಿನ್ ಕಾರಿನ ಸ್ಪೇಸರ್ ಎರಡೂವರೆ ಇಂಚು ಬಂತು, ಮಿತಿ ಎರಡು ಇಂಚು. ತಮಾಷೆ ಏನೆಂದರೆ, ಅದೇ ತಟ್ಟೆಯನ್ನು ಬೋಲ್ಟ್ ಹಾಕುವ ಬದಲು ಮ್ಯಾನಿಫೋಲ್ಡಿಗೆ ವೆಲ್ಡ್ ಮಾಡಿದ್ದರೆ ತಕರಾರೇ ಇರಲಿಲ್ಲ. ಮುಕ್ಕಾಲು ಮೈಲಿ ಟ್ರ್ಯಾಕಿನಲ್ಲಿ ಅರ್ಧ ಇಂಚಿನಿಂದ ಸಿಗುವ ಲಾಭ ಏನೇನೂ ಸಾಲದು. ನಿಯಮ ಮುರಿದದ್ದು ಹೌದು, ಗೆಲುವು ಅದರಿಂದ ಬಂದದ್ದಲ್ಲ.

ಎಡತಿರುವು: ಬೋಲ್ಟ್ ಹಾಕಿದರೆ ಬೇರೆ ತೊಂದರೆ ಇಲ್ವಾ?

ಗ್ಯಾಸ್ಕೆಟ್: ಇದೆ. ತಟ್ಟೆಯ ಮೇಲೊಂದು, ಕೆಳಗೊಂದು ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಬೇಕು. ಒಂದೇ ಮೂಲೆ ಬಿಗಿ ಮಾಡಿ ಇನ್ನೊಂದು ಬಿಟ್ಟರೆ ತಟ್ಟೆ ಓರೆಯಾಗಿ ಸಂದಿಯಿಂದ ಗಾಳಿ ನುಗ್ಗುತ್ತೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುತ್ತೆ. ಅದಕ್ಕೇ ನಾಲ್ಕೂ ಬೋಲ್ಟನ್ನು ಅಡ್ಡಡ್ಡ ಮೂಲೆಯ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಪಾಯಿಂಟ್‌ಪುಸ್ತಕ: 46ರ ಲೆಕ್ಕ ಹೀಗೆ. ಆಗ ಗೆದ್ದವರಿಗೆ 175, ಒಂದು ಲ್ಯಾಪ್ (ಟ್ರ್ಯಾಕಿನ ಸುತ್ತು) ಮುನ್ನಡೆದರೂ 5, ಒಟ್ಟು 180. ಹತ್ತನೇ ಸ್ಥಾನಕ್ಕೆ 134. ಕಳೆದರೆ 46. ಗೆಲುವು ಕಿತ್ತುಕೊಳ್ಳದೆ ಪಾಯಿಂಟ್ ಮಾತ್ರ ಹತ್ತನೆಯವರ ಮಟ್ಟಕ್ಕೆ ಇಳಿಸಿದಂತಾಯಿತು. ಮೇಲೆ 40,000 ಡಾಲರ್ ದಂಡ. ಸೀಸನ್ ಕೊನೆಗೆ ಪಟ್ಟ ಗೆದ್ದ ಡೇಲ್ ಅರ್ನ್‌ಹಾರ್ಟ್ 4,430, ಮಾರ್ಟಿನ್ 4,404. ಅಂತರ 26.

ಆದರೆ ಎಲ್ಲವನ್ನೂ ತಟ್ಟೆಯ ತಲೆಗೆ ಕಟ್ಟೋದನ್ನು ನಾನು ಒಪ್ಪಲ್ಲ. ಇನ್ನೆರಡೇ ರೇಸ್ ಉಳಿದಿದ್ದಾಗಲೂ ಮಾರ್ಟಿನ್ 45 ಪಾಯಿಂಟ್ ಮುಂದಿದ್ದರು. ಫೀನಿಕ್ಸಿನಲ್ಲಿ ಅರ್ನ್‌ಹಾರ್ಟ್ ಗೆದ್ದು, ಅತಿ ಹೆಚ್ಚು ಲ್ಯಾಪ್ ಮುನ್ನಡೆದ 5 ಕೂಡ ಸೇರಿ 185 ತಗೊಂಡರು, ಮಾರ್ಟಿನ್ ಹತ್ತನೆಯವರಾಗಿ 134. ಒಂದೇ ದಿನದಲ್ಲಿ 51 ಪಾಯಿಂಟ್ ತಿರುಗಿತು. ಪಟ್ಟ ಕೈಜಾರಿದ್ದು ಅಲ್ಲಿ ಅಂತ ನನ್ನ ಅಭಿಪ್ರಾಯ. ಅಟ್ಲಾಂಟಾದ ಕೊನೆಯ ರೇಸಿನಲ್ಲಿ ಅರ್ನ್‌ಹಾರ್ಟ್ ಮೂರನೆಯವರು, ಮಾರ್ಟಿನ್ ಆರನೆಯವರು.

ಗ್ಯಾಸ್ಕೆಟ್: ಆ 46 ಇದ್ದಿದ್ದರೆ ಫೀನಿಕ್ಸ್ ಏಟು ತಿಂದೂ 20ರಿಂದ ಗೆಲ್ಲುತ್ತಿದ್ದರಲ್ಲ ಸಾರ್!

ಪಾಯಿಂಟ್‌ಪುಸ್ತಕ: ಅದೂ ಸರಿ.

ಬಲಹಿಂಬದಿ: ವಯಸ್ಸಿನ ಪ್ರಶ್ನೆಗೆ ಬರ್ತೀನಿ. ಕ್ಯಾಬಿನ್ ಒಳಗೆ 50 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, 500 ಮೈಲಿ ರೇಸು ಮೂರು-ನಾಲ್ಕು ಗಂಟೆ. ದಣಿದವರು ಮೊದಲು ಕಳೆದುಕೊಳ್ಳೋದು ಕಾಲಿನ ಹಿಡಿತ. ಮಾರ್ಟಿನ್ ವರ್ಷಾನುಗಟ್ಟಲೆ ಭಾರ ಎತ್ತಿ, ಊಟದಲ್ಲಿ ಕಟ್ಟುನಿಟ್ಟಾಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಎಡ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒಮ್ಮೆಗೇ ಒತ್ತಿದರೆ ಬಲ ಹಿಂದಿನ ಟೈರ್ ಕಾದು ಕಾರಿನ ಬಾಲ ಬೀಸುತ್ತೆ. ಒಳಗೆ ಹೋಗುವಾಗ ಬ್ರೇಕ್ ಜೋರಾಗಿ ಹಿಡಿದು ಸ್ಟೀರಿಂಗ್ ಎಳೆದರೆ ಬಲ ಮುಂದಿನ ಟೈರ್ ಸವೆದು ಮೂಗು ಗೋಡೆ ಕಡೆ ಜಾರುತ್ತೆ. ಇವರು ಎರಡನ್ನೂ ಮೆತ್ತಗೆ ಮಾಡೋರು, ಅದಕ್ಕೇ ಉದ್ದನೆಯ ಓಟದ ಕೊನೆಯಲ್ಲೂ ಟೈರ್ ಜೀವಂತವಾಗಿರುತ್ತಿತ್ತು.

2009ರಲ್ಲಿ ಹೆಂಡ್ರಿಕ್ ತಂಡದ 5ನೇ ನಂಬರ್ ಕಾರಿನಲ್ಲಿ ಐದು ಗೆಲುವು, ಏಳು ಪೋಲ್ (ಎಲ್ಲರಿಗಿಂತ ಮುಂದೆ ನಿಂತು ರೇಸ್ ಆರಂಭಿಸುವ ಸ್ಥಾನ). ಆ ಜೂನಿನ ಮಿಶಿಗನ್ ರೇಸು ನೋಡಿ: ಮುಂದಿದ್ದ ಜಿಮ್ಮಿ ಜಾನ್ಸನ್, ಗ್ರೆಗ್ ಬಿಫಲ್ ಇಬ್ಬರ ಟ್ಯಾಂಕೂ ಕೊನೆಯಲ್ಲಿ ಬರಿದಾಯಿತು, ಮಾರ್ಟಿನ್ ಗೆದ್ದರು. ಪೆಟ್ರೋಲ್ ಉಳಿಸಬೇಕಾದರೆ ತಿರುವಿಗೆ ಮುಂಚೆಯೇ ಕಾಲೆತ್ತಿ ಕಾರನ್ನು ಅದರ ಪಾಡಿಗೆ ಉರುಳಲು ಬಿಡಬೇಕು, ಮುಂದಿನ ಕಾರಿನ ಗಾಳಿಮರೆಯಲ್ಲಿ ಇರಬೇಕು. ಅದೇ ಮೆತ್ತನೆ ಕಾಲು ಇಲ್ಲೂ ಬೇಕು.

2007ರ ಡೇಟೋನಾ 500 ರೇಸಿನಲ್ಲಿ ಮಾರ್ಟಿನ್ ಹಾರ್ವಿಕ್‌ಗೆ ಸೋತದ್ದು ಮಾತ್ರ ಕಾಲಿನ ವಿಷಯವಲ್ಲ. ಕೆವಿನ್ ಹಾರ್ವಿಕ್‌ಗೆ ಹೊರಸಾಲಿನಲ್ಲಿ ಮ್ಯಾಟ್ ಕೆನ್ಸೆತ್ ಹಿಂದಿನಿಂದ ತಳ್ಳು ಕೊಟ್ಟರು, ಒಳಸಾಲಿನ ಮಾರ್ಟಿನ್‌ಗೆ ಅಂಥ ತಳ್ಳು ಸಿಗಲಿಲ್ಲ. ಸೋತದ್ದು 0.020 ಸೆಕೆಂಡಿನಿಂದ. ಆ ವೇಗದಲ್ಲಿ ಅದು ಸುಮಾರು ಒಂದೂವರೆ ಮೀಟರ್, ಬಾನೆಟ್ಟಿನಷ್ಟು ಉದ್ದ.