ಟ್ರಂಕ್‌ಗೆ ಸ್ಪ್ರೇ ಹೊಡೆದರೆ ಬಿಳಿ ಪೊರೆ ಬಂದಿದೆ, ಏನು ಮಾಡಲಿ?

ಪ್ರಶ್ನೆ (ಸಾಗರ): ಅಣ್ಣಾ, ನಮ್ಮಜ್ಜಿಯ ತಗಡಿನ ಟ್ರಂಕ್ ಇದೆ. ಟೀಪಾಯಿ ಮಾಡೋಣ ಅಂತ ತುಕ್ಕು ಉಜ್ಜಿ ಕಪ್ಪು ಗ್ಲಾಸಿ ಸ್ಪ್ರೇ ಹೊಡೆದೆ. ಹೊಡೆದಾಗ ಚೆನ್ನಾಗಿ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಮುಚ್ಚಳದ ತುಂಬ ಬಿಳಿ ಪೊರೆ ಬಂತು. ಬದಿಯಲ್ಲಿ ಬಣ್ಣ ಸೋರಿ ಇಳಿದಿದೆ. ಕ್ಯಾನ್ ಹಳೇದಿರಬಹುದಾ? ಬೇರೆ ಕಂಪನಿಯದ್ದು ತರಲಾ?

ಉತ್ತರ (ಪೇಂಟರ್): ಕ್ಯಾನ್ ಬದಲಾಯಿಸಿ ದುಡ್ಡು ಕಳೆಯಬೇಡಿ. ನಿಮ್ಮೂರು ಸಾಗರದಲ್ಲಿ ಮಳೆ ಹಿಡಿದಿದೆ ಅಲ್ವಾ? ಅದೇ ಕಾರಣ. ಬಣ್ಣದಲ್ಲಿರುವ ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂರುತ್ತದೆ. ಆ ಬಿಳಿ ಪೊರೆ ಅದೇ. ಬಿಸಿಲು ಬಿದ್ದು ಗಾಳಿ ಒಣಗಿದ ದಿನ 600 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಗುರಾಗಿ ಉಜ್ಜಿ, ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಇನ್ನೊಂದು ಕೋಟ್ ಕೊಟ್ಟರೆ ಹೋಗುತ್ತದೆ. ಬಣ್ಣಕ್ಕೆ ಮೊದಲು ಅಡಿಯ ಕೋಟ್, ಅಂದರೆ ಪ್ರೈಮರ್ ಹಾಕಿದ್ದಿರಾ?

ಸಾಗರ: ಇಲ್ಲಣ್ಣ. ಕ್ಯಾನ್ ಮೇಲೆ ನೇರವಾಗಿ ಹೊಡೆಯಬಹುದು ಅಂತ ಇತ್ತು.

ಪೇಂಟರ್: ಹಾಗಾದರೆ ಮೇಲಿನ ಪೊರೆ ತೆಗೆದು ಸುಮ್ನೆ ಕೂತರೆ ಪ್ರಯೋಜನ ಇಲ್ಲ. ಮಲೆನಾಡಿನ ತೇವಕ್ಕೆ ಒಳಗಿಂದ ಮತ್ತೆ ತುಕ್ಕು ಏಳುತ್ತದೆ. ಮೊದಲು ಕಬ್ಜಾ, ಕೊಂಡಿ, ಮೂಲೆ ನೋಡಿ. ತುಕ್ಕು ಉಳಿಯುವುದೇ ಅಲ್ಲಿ. 120 ನಂಬರಿನ ಪೇಪರ್‌ನಲ್ಲಿ ತಗಡು ಕಾಣುವ ತನಕ ಉಜ್ಜಿ, 320ರಲ್ಲಿ ನುಣುಪು ಮಾಡಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಕೈ ಮುಟ್ಟಿಸಬೇಡಿ, ಬೆರಳಿನ ಜಿಡ್ಡಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಸಾಕು. ಒಳಗೆ ಬೆಳ್ಳಗೆ ಹೊಳೆಯುವ ಜಿಐ (ಸತುವಿನ ಲೇಪ ಇರುವ) ತಗಡಾದರೆ ರೆಡ್ ಆಕ್ಸೈಡ್ ದಿನ ಕಳೆದಂತೆ ಪದರ ಎದ್ದು ಬರುತ್ತದೆ. ಅದಕ್ಕೆ ಅಂಗಡಿಯಲ್ಲಿ ಎಚ್ (etch) ಪ್ರೈಮರ್ ಅಂತ ಕೇಳಿ.

ಇನ್ನು ಬಣ್ಣ ಇಳಿದ ವಿಷಯ. ಕೈ ನಿಲ್ಲಿಸಿ ಒತ್ತಿದರೆ ಇಳಿಯುತ್ತದೆ. ತುದಿ ದಾಟಿ ಹೊರಗೇ ಒತ್ತಲು ಶುರು ಮಾಡಿ, ಆಚೆ ತುದಿ ದಾಟಿದ ಮೇಲೆ ಬಿಡಿ. ಒಂದು ಗೇಣು ದೂರ, ಅಂದರೆ 20-25 ಸೆಂ.ಮೀ. ಹತ್ತಿರ ಹಿಡಿದರೆ ಸೋರುತ್ತದೆ, ದೂರ ಹಿಡಿದರೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿದ್ದು ಒರಟಾಗುತ್ತದೆ. ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧದಷ್ಟನ್ನು ಮುಚ್ಚಬೇಕು. ಮೊದಲ ಕೋಟ್‌ನಲ್ಲಿ ಕೆಳಗಿನ ಬಣ್ಣ ಇಣುಕಿದರೂ ಪರವಾಗಿಲ್ಲ, ಎಲ್ಲರೂ ಆಸೆ ಬಿದ್ದು ಕೆಡಿಸುವುದು ಅಲ್ಲೇ. ನಿಮ್ಮದು ಟ್ರಂಕ್ ಅಲ್ವಾ, ಬದಿ ಹೊಡೆಯುವಾಗ ಮಗುಚಿ ಆ ಬದಿಯನ್ನೇ ಮೇಲೆ ಮಾಡಿ. ಇಳಿಯಲು ಜಾಗವೇ ಇರುವುದಿಲ್ಲ.

ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಒಂದು ನಿಮಿಷವಾದರೂ ಕ್ಯಾನ್ ಕುಲುಕಿ, ನಡುನಡುವೆಯೂ ಕುಲುಕಿ. 400 ಮಿ.ಲೀ. ಕ್ಯಾನ್ ಎರಡು ಕೋಟ್‌ಗೆ 10 ಚದರಡಿ ಬಂದರೆ ಹೆಚ್ಚು. ದೊಡ್ಡ ಟ್ರಂಕ್‌ಗೆ ಎರಡು ಬೇಕು, ಒಟ್ಟಿಗೇ ತನ್ನಿ.

ಪ್ರಶ್ನೆ (ಮೈಸೂರು): ಅಣ್ಣ, ಗಣಪತಿ ಮಂಟಪಕ್ಕೆ ಥರ್ಮಾಕೋಲ್ ಮೇಲೆ ಚಿನ್ನದ ಬಣ್ಣ ಹೊಡೆಯಬಹುದಾ? ಹಳೆ ಪ್ಲಾಸ್ಟಿಕ್ ಕುರ್ಚಿಗಳೂ ಇವೆ.

ಪೇಂಟರ್: ಥರ್ಮಾಕೋಲ್‌ಗೆ ಬೇಡ ಮೇಡಂ, ಸಾಧಾರಣ ಸ್ಪ್ರೇ ಅದನ್ನು ಕರಗಿಸಿ ಗುಂಡಿ ಮಾಡುತ್ತದೆ. ನೀರು ಬೆರೆಸುವ ಅಕ್ರಿಲಿಕ್ ಚಿನ್ನದ ಬಣ್ಣ ತಂದು ಬ್ರಷ್‌ನಲ್ಲಿ ಹಚ್ಚಿ. ಕುರ್ಚಿ ತಿರುಗಿಸಿ ನೋಡಿ, ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್. ಯಾವ ಬಣ್ಣವೂ ಸರಿಯಾಗಿ ಅಂಟುವುದಿಲ್ಲ, ಉಗುರಿನಲ್ಲಿ ಕೆರೆದರೆ ಬರುತ್ತದೆ. ಪ್ಲಾಸ್ಟಿಕ್ ಪ್ರೈಮರ್ ಇದೆ, ಆದರೆ ದಿನಾ ಕೂರುವ ಕುರ್ಚಿಗೆ ಅಷ್ಟು ಖರ್ಚು ಯಾಕೆ?

ಪ್ರಶ್ನೆ (ದಾವಣಗೆರೆ): ಬಾಲ್ಕನಿ ಗ್ರಿಲ್?

ಪೇಂಟರ್: ಬ್ರಷ್ ಮತ್ತು ಎನಾಮೆಲ್. ಗ್ರಿಲ್‌ಗೆ ಕ್ಯಾನ್ ಹೊಡೆದರೆ ಸಂದಿಯಲ್ಲಿ ಹೋಗುವ ಬಣ್ಣವೇ ಜಾಸ್ತಿ. ಪಕ್ಕದ ಮನೆಯವರ ಕಾರಿಗೂ ಸಿಗುತ್ತದೆ.

ಪ್ರಶ್ನೆ (ಬೆಂಗಳೂರು): ನಮ್ಮದು ಫ್ಲ್ಯಾಟ್. ಬಾತ್‌ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಹೊಡೆದರೆ ಆಗುತ್ತಾ?

ಪೇಂಟರ್: ದಯವಿಟ್ಟು ಬೇಡ. ಎಷ್ಟೋ ಕ್ಯಾನ್‌ಗಳಲ್ಲಿ ಬಣ್ಣ ತಳ್ಳುವ ಗ್ಯಾಸ್ ಅಡುಗೆ ಗ್ಯಾಸಿನ ಜಾತಿಯದ್ದೇ. ಥಿನ್ನರ್ ಆವಿಯೂ ಹೊತ್ತಿಕೊಳ್ಳುತ್ತದೆ. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಕೇಳುವುದೇ ಬೇಡ. ಟೆರೇಸ್‌ಗೆ ಹೋಗಿ, ದೊಡ್ಡ ರಟ್ಟಿನ ಡಬ್ಬ ಅಡ್ಡ ಮಲಗಿಸಿ ಅದರೊಳಗೆ ಸಾಮಾನು ಇಟ್ಟು ಹೊಡೆಯಿರಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರಲಿ. ಬರೀ ಎನ್95 ಮಾಸ್ಕ್ ಹನಿಯನ್ನು ತಡೆಯುತ್ತದೆ, ಆವಿಯನ್ನಲ್ಲ. ಜಾಸ್ತಿ ಕೆಲಸ ಇದ್ದರೆ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ತೆಗೆದುಕೊಳ್ಳಿ. ಉಳಿದ ಕ್ಯಾನ್ ಬಿಸಿಲಲ್ಲಿ, ಕಾರಿನೊಳಗೆ ಬಿಡಬೇಡಿ.

ಸಾಗರ: ಕೊನೆಯದೊಂದು ಅಣ್ಣ. ಅರ್ಧ ಉಳಿದ ಕ್ಯಾನ್‌ನ ನಾಜಲ್ ಕಟ್ಟಿಕೊಂಡಿದೆ.

ಪೇಂಟರ್: ಪಿನ್ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಬಣ್ಣ ಪಿಚಕಾರಿಯಾಗಿ ಬರುತ್ತದೆ. ನಾಜಲ್ ಕಿತ್ತು ಸ್ವಲ್ಪ ಹೊತ್ತು ಥಿನ್ನರಿನಲ್ಲಿ ಹಾಕಿಡಿ. ಮುಂದಿನ ಸಲ ಕೆಲಸ ಮುಗಿದ ಕೂಡಲೇ ಕ್ಯಾನ್ ತಲೆಕೆಳಗು ಮಾಡಿ, ಬಣ್ಣ ನಿಂತು ಬರೀ ಗ್ಯಾಸ್ ಬರುವ ತನಕ ಒತ್ತಿ.