ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದರೆ ಸಾವಯವ ಪ್ರಮಾಣಪತ್ರ ಹೋಗುತ್ತದೆಯೇ? ಸರ್ಕಾರದ ನೆರವು ರೋಗದ ವರ್ಷಕ್ಕೆ ಒದಗುತ್ತದೆಯೇ?

ಪ್ರಶ್ನೆ: ಸಾಗರ ತಾಲ್ಲೂಕಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಎಕರೆ ಹತ್ತು ಗುಂಟೆ ಅಡಿಕೆ ತೋಟ. ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಊರಿನ ಇತರ ರೈತರೊಂದಿಗೆ ಎರಡು ವರ್ಷಗಳ ಹಿಂದೆ, ಸಾವಯವ ಕೃಷಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಗುಂಪಿಗೆ ಸೇರಿದೆ. ಗೊಬ್ಬರದ ವಿಷಯದಲ್ಲಿ ನನಗೆ ಯಾವ ತೊಂದರೆಯೂ ಆಗಲಿಲ್ಲ, ಏಕೆಂದರೆ ಸೊಪ್ಪಿನಬೆಟ್ಟದ ದರಕು (ಒಣ ಎಲೆ), ಕೊಟ್ಟಿಗೆ ಗೊಬ್ಬರ ಮತ್ತು ಜೀವಾಮೃತದಲ್ಲೇ ತೋಟ ಚೆನ್ನಾಗಿ ನಡೆಯುತ್ತಿದೆ.

ತೊಂದರೆ ಬಂದದ್ದು ಕೊಳೆಯಿಂದ. ಮೈಲುತುತ್ತ (ತಾಮ್ರದ ಸಲ್ಫೇಟ್) ಮುಟ್ಟಿದರೆ ಸಾವಯವ ಹೋಯಿತೆಂದೇ ತಿಳಿಯಬೇಕು ಎಂದು ಗುಂಪಿನ ಸಭೆಯಲ್ಲಿ ಹೇಳಿದ್ದರಿಂದ ಕಳೆದ ಮಳೆಗಾಲ ನಾನು ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹೊಡೆಸಲೇ ಇಲ್ಲ. ಪುನರ್ವಸು ಮಳೆಯವರೆಗೆ ಏನೂ ಕಾಣಲಿಲ್ಲ. ಪುಷ್ಯದಲ್ಲಿ ಒಂದು ದಿನ ಬಿಸಿಲು, ಒಂದು ದಿನ ಮಳೆ ಎಂಬಂತಾದಾಗ ಕಾಯಿಯ ತೊಟ್ಟಿನ ಬಳಿ ನೀರು ತುಂಬಿದಂಥ ಕಡುಹಸಿರು ಕಲೆ ಕಾಣಿಸಿತು. ಕೆಲವೇ ದಿನಗಳಲ್ಲಿ ಅದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬಂತು. ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ಪ್ರತಿ ಮರದ ಬುಡದಲ್ಲೂ ಹಸಿರು ಕಾಯಿ ಹಾಸಿಕೊಂಡಂತೆ ಬಿದ್ದಿರುತ್ತಿತ್ತು. ಫಸಲಿನ ಮೂರರಲ್ಲೊಂದು ಪಾಲು ಹೋಯಿತು.

ಈ ವರ್ಷ ಏನು ಮಾಡಬೇಕೆಂಬುದು ತಿಳಿಯುತ್ತಿಲ್ಲ. ಬೋರ್ಡೋ ದ್ರಾವಣ ನಿಜವಾಗಿಯೂ ನಿಷಿದ್ಧವೇ? ನಿಷಿದ್ಧವಾದರೆ ಅದಕ್ಕೆ ಬದಲಿ ಯಾವುದು? ಸಾವಯವಕ್ಕೆಂದು ಬರುವ ಹಣದಲ್ಲಿ ರೋಗ ನಿಯಂತ್ರಣಕ್ಕೆ ಅಥವಾ ರೋಗದಿಂದಾದ ನಷ್ಟಕ್ಕೆ ಏನಾದರೂ ಸಲ್ಲುತ್ತದೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ತೋಟಗಾರಿಕೆ ಇಲಾಖೆಯಿಂದ ನಿವೃತ್ತನಾದವನು

ತಮ್ಮ ನಷ್ಟ ಓದಿ ಬೇಸರವಾಯಿತು. ಅದು ತಪ್ಪು ತಿಳಿವಳಿಕೆಯಿಂದ ಆದದ್ದು ಎಂಬುದು ಇನ್ನೂ ಬೇಸರದ ಸಂಗತಿ. ಬೋರ್ಡೋ ದ್ರಾವಣ ನಿಷಿದ್ಧವಲ್ಲ, ನಿರ್ಬಂಧಿತ. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. 2001ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡಗಳಲ್ಲಿ ತಾಮ್ರದ ಲವಣಗಳು ನಿರ್ಬಂಧಿತ ವಸ್ತುಗಳ ಸಾಲಿನಲ್ಲಿವೆ. ಅಂದರೆ ಬೇರೆ ದಾರಿಗಳು ಸಾಲದೆ ಹೋದಾಗ, ಪ್ರಮಾಣೀಕರಿಸುವವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದು, ಎಷ್ಟು ಬಳಸಿದೆ ಎಂಬುದನ್ನು ದಾಖಲೆಯಲ್ಲಿಟ್ಟುಕೊಂಡು ಬಳಸಬಹುದು. ಹೇಳದೆ ಕೇಳದೆ ಹೊಡೆದರೆ ತಪ್ಪಾಗುತ್ತದೆ. ಕೊಳೆಗೆ ಪರಿಣಾಮಕಾರಿಯಾದ ಪೊಟ್ಯಾಸಿಯಂ ಫಾಸ್ಫೊನೇಟಿನಂಥ ವಸ್ತುಗಳಿಗೆ ಈ ಅವಕಾಶವಿಲ್ಲ, ಅವನ್ನು ಮುಟ್ಟಬೇಡಿ.

ಈ ದ್ರಾವಣಕ್ಕೂ ಮಲೆನಾಡಿಗೂ ನಂಟು ಹಳೆಯದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿತೋಟಗಳಲ್ಲಿ 1885ರ ಹೊತ್ತಿಗೆ ಬಳಕೆಗೆ ಬಂದ ಇದನ್ನು ನಮ್ಮ ಅಡಿಕೆ ತೋಟಕ್ಕೆ ತಂದವರು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್. ಕೊಳೆಗೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ಅವರು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಸಸ್ಯರೋಗ ವಿಜ್ಞಾನದ ಪುಸ್ತಕಗಳಲ್ಲಿ ‘ಕೊಳೆರೋಗ’ ಎಂಬ ನಮ್ಮ ಕನ್ನಡದ ಹೆಸರೇ ಉಳಿದುಕೊಂಡಿದೆ.

ಹಾಗೆಂದು ಎಷ್ಟು ಬೇಕಾದರೂ ಹೊಡೆಯಬಹುದು ಎಂದು ನಾನು ಹೇಳುತ್ತಿಲ್ಲ. ಒಂದು ಲೆಕ್ಕ ನೋಡಿ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರವಿರುತ್ತದೆ. ಎಕರೆಗೆ ಒಂದು ಸುತ್ತಿಗೆ 500 ಲೀಟರ್ ಹಿಡಿದರೆ 5 ಕಿಲೋ ಮೈಲುತುತ್ತ, ಅಂದರೆ ಒಂದೂಕಾಲು ಕಿಲೋ ತಾಮ್ರ. ಹೆಕ್ಟೇರಿನ ಲೆಕ್ಕಕ್ಕೆ ತಂದರೆ ಒಂದು ಸುತ್ತಿಗೆ 3 ಕಿಲೋ ಮೀರಿತು. ಎರಡು ಸುತ್ತಿಗೆ 6 ಕಿಲೋ, ಮಳೆ ಜೋರಾಗಿ ಮೂರನೆಯ ಸುತ್ತೂ ಬೇಕಾದರೆ 9 ಕಿಲೋ ದಾಟುತ್ತದೆ. ಯೂರೋಪಿನ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಎಂದರೆ ವರ್ಷಕ್ಕೆ ಸರಾಸರಿ 4 ಕಿಲೋ ಮಿತಿ ಹಾಕಿದೆ. ತಾಮ್ರ ಕರಗಿ ಹೋಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲೇ ವರ್ಷದಿಂದ ವರ್ಷಕ್ಕೆ ಸೇರುತ್ತ ಎರೆಹುಳುವಿಗೂ ಮಣ್ಣಿನ ಒಳ್ಳೆಯ ಶಿಲೀಂಧ್ರಗಳಿಗೂ ಕಂಟಕವಾಗುತ್ತದೆ. ಆದ್ದರಿಂದ ಹೊಡೆಯಬೇಕೇ ಬೇಡವೇ ಎಂಬುದಕ್ಕಿಂತ, ಮೂರು ಸುತ್ತನ್ನು ಒಂದಕ್ಕೋ ಎರಡಕ್ಕೋ ಇಳಿಸುವುದು ಹೇಗೆ ಎಂಬುದೇ ಸಾವಯವ ಬೆಳೆಗಾರನ ಮುಂದಿರುವ ನಿಜವಾದ ಪ್ರಶ್ನೆ ಎಂದು ನನ್ನ ಭಾವನೆ.

ಅದಕ್ಕೆ ಮೊದಲ ಕೆಲಸ ತೋಟದ ಶುಚಿತ್ವ. ಕಳೆದ ವರ್ಷ ಕೊಳೆತು ಮರದಲ್ಲೇ ಒಣಗಿ ನಿಂತ ಗೊನೆ, ಬುಡದಲ್ಲಿ ಬಿದ್ದ ಕಾಯಿ, ಸತ್ತ ಮರದ ತಲೆ ಇವೆಲ್ಲ ಈ ವರ್ಷದ ರೋಗಕ್ಕೆ ಬೀಜವಿದ್ದಂತೆ. ಬೇಸಿಗೆಯಲ್ಲೇ ಆರಿಸಿ ಸುಟ್ಟುಬಿಡಿ. ಬಸಿಗಾಲುವೆ ತೆಗೆಸಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಮೊದಲ ಸುತ್ತು ಮೃಗಶಿರ ಮಳೆ ಹಿಡಿಯುವ ಮೊದಲೇ ಮುಗಿಯಬೇಕು, ಎರಡನೆಯದು 40ರಿಂದ 45 ದಿನಗಳ ನಂತರ. ಈ ದ್ರಾವಣ ಬಂದ ರೋಗವನ್ನು ವಾಸಿ ಮಾಡುವುದಿಲ್ಲ, ಬರದಂತೆ ತಡೆಯುತ್ತದೆ ಅಷ್ಟೆ. ಕಾಯಿ ಉದುರಲು ಶುರುವಾದ ಮೇಲೆ ಹೊಡೆಸುವುದು ಬಹುಪಾಲು ತಾಮ್ರವನ್ನು ನೆಲಕ್ಕೆ ಸುರಿದಂತೆ.

ತಯಾರಿಯಲ್ಲಿಯೂ ಎಚ್ಚರ ಬೇಕು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ತಿರುವಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಅದು ಹೋಗುವವರೆಗೆ ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಉತ್ತರ 2: ಸಾವಯವ ರೈತರ ಗುಂಪಿನ ಸಂಚಾಲಕಿ

ಹಿರಿಯರು ತಾಂತ್ರಿಕ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಹಣ ಮತ್ತು ಪ್ರಮಾಣಪತ್ರದ ಬಗ್ಗೆ ನಾನು ಹೇಳುತ್ತೇನೆ.

ನೀವಿರುವ ಯೋಜನೆ 2015-16ರಲ್ಲಿ ಶುರುವಾದದ್ದು. ಈಗಿನ ನಿಯಮದಂತೆ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ ನೆರವಿದೆ. ಅದರಲ್ಲಿ ಒಳಸುರಿಗಳಿಗೆಂದು ರೈತರ ಖಾತೆಗೆ ನೇರವಾಗಿ ಬರುವುದು 15,000. ಉಳಿದದ್ದು ತರಬೇತಿ, ಪ್ರಮಾಣೀಕರಣ, ಮಾರುಕಟ್ಟೆಯಂಥ ಬಾಬತ್ತುಗಳಿಗೆ. 15,000ವನ್ನು ಮೂರು ವರ್ಷಕ್ಕೆ ಹಂಚಿದರೆ ಎಕರೆಗೆ ವರ್ಷಕ್ಕೆ ಸುಮಾರು 2,000 ರೂಪಾಯಿ. ಬೇವಿನ ಹಿಂಡಿ, ಟ್ರೈಕೊಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಇವುಗಳ ಖರ್ಚಿಗೆ ಅದು ಸ್ವಲ್ಪ ಆಸರೆಯಾಗುತ್ತದೆ. ಆದರೆ ನಮ್ಮ ಕಡೆ ಕೊನೆಗೌಡರನ್ನು ಮರ ಹತ್ತಿಸಿ ಒಂದು ಸುತ್ತು ಔಷಧಿ ಹೊಡೆಸುವ ಕೂಲಿಗೂ ಆ ಹಣ ಸಾಲುವುದಿಲ್ಲ. ರೋಗದಿಂದಾದ ನಷ್ಟಕ್ಕೆ ಆ ಯೋಜನೆಯಲ್ಲಿ ಯಾವ ಬಾಬತ್ತೂ ಇಲ್ಲ.

ನನಗೆ ನಿಜವಾಗಿ ನೋವಾಗುವುದು ಇಲ್ಲೇ. ದೇಶದಲ್ಲೇ ಮೊದಲಿಗೆ, 2004ರಲ್ಲಿ, ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಇಷ್ಟು ವರ್ಷಗಳ ಮೇಲೂ ರೈತ ರಾಸಾಯನಿಕ ಬಿಟ್ಟು ಬರುವ ಪರಿವರ್ತನೆಯ ಅವಧಿಯಲ್ಲಿ, ಅದೂ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಹಿಡಿಯುವಾಗ, ರೋಗ ಬಂದರೆ ಆ ನಷ್ಟವನ್ನು ಅವನೊಬ್ಬನೇ ಹೊರಬೇಕು. ಎಲೆಚುಕ್ಕಿ ರೋಗ ಬಂದಾಗ ಸಹಾಯಧನದಲ್ಲಿ ಹಂಚಿದ್ದು ರಾಸಾಯನಿಕ ಶಿಲೀಂಧ್ರನಾಶಕಗಳನ್ನೇ. ಸಾವಯವ ಗುಂಪಿನಲ್ಲಿದ್ದವರು ಅದನ್ನು ತೆಗೆದುಕೊಳ್ಳುವಂತಿಲ್ಲ. ಅದೇ ಮೌಲ್ಯದ ಬೇರೆ ನೆರವೂ ನಮ್ಮ ಗುಂಪಿಗೆ ಸಿಗಲಿಲ್ಲ. ಅಕ್ಕಪಕ್ಕದ ತೋಟದವರು ಡಬ್ಬಿ ಹಿಡಿದು ಬರುವುದನ್ನು ನಮ್ಮ ಗುಂಪಿನ ಹೆಣ್ಣುಮಕ್ಕಳು ಸುಮ್ಮನೆ ನೋಡಬೇಕಾಯಿತು. ಅವರಲ್ಲಿ ಇಬ್ಬರು ಆ ವರ್ಷವೇ ಗುಂಪು ಬಿಟ್ಟರು.

ಈಗಿರುವುದರಲ್ಲಿ ನಿಮ್ಮ ಕೈಗೆಟುಕುವುದು ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆ, ಮೆಣಸು ಎರಡಕ್ಕೂ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇಕಡಾ 5. ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯ ಮೇಲೆಯೇ ಹೊರತು ನಿಮ್ಮ ತೋಟದಲ್ಲಿ ಕಾಯಿ ಎಷ್ಟು ಉದುರಿತು ಎಂಬುದರ ಮೇಲಲ್ಲ. ಆದರೂ ಕೊಳೆ ಬರುವುದು ಬಿಡದೆ ಸುರಿಯುವ ಮಳೆಯಲ್ಲೇ ಆದ್ದರಿಂದ ಅನೇಕ ವರ್ಷ ಎರಡೂ ಒಟ್ಟಿಗೆ ಬರುತ್ತವೆ. ಕಂತು ಕಟ್ಟುವ ಗಡುವನ್ನು ಸೊಸೈಟಿಯಲ್ಲಿ ಈಗಲೇ ವಿಚಾರಿಸಿಕೊಳ್ಳಿ.

ಪ್ರಮಾಣಪತ್ರದ ಬಗ್ಗೆ ಒಂದು ಮಾತು. ನಿಮ್ಮದು ಸಹಭಾಗಿತ್ವದ ಖಾತರಿ ಪದ್ಧತಿ. ಗುಂಪಿನ ರೈತರೇ ಒಬ್ಬರ ತೋಟವನ್ನೊಬ್ಬರು ನೋಡಿ ಶಿಫಾರಸು ಮಾಡುತ್ತಾರೆ, ಪ್ರಾದೇಶಿಕ ಪರಿಷತ್ತು ಒಪ್ಪುತ್ತದೆ. ಆದ್ದರಿಂದ ಸಿಂಪಡಣೆಗೆ ಮುಂಚೆ ಗುಂಪಿನ ಸಭೆ ಕರೆದು ರೋಗದ ಪರಿಸ್ಥಿತಿ ವಿವರಿಸಿ, ನಡಾವಳಿಯಲ್ಲಿ ಬರೆಸಿ, ಪರಿಷತ್ತಿನ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಮೈಲುತುತ್ತ ಕೊಂಡ ಬಿಲ್ಲು, ಹೊಡೆಸಿದ ದಿನಾಂಕ, ಬಳಸಿದ ಲೀಟರ್ ಎಲ್ಲವೂ ತೋಟದ ದಿನಚರಿಯಲ್ಲಿರಲಿ. ಬಾಯಿಮಾತಿನ ಒಪ್ಪಿಗೆ ಪರಿಶೀಲನೆಯ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ.

ಉತ್ತರ 3: ತೀರ್ಥಹಳ್ಳಿ ಕಡೆಯ ಬೆಳೆಗಾರ

ನಾನು ಆರು ವರ್ಷಗಳಿಂದ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸುತ್ತಿದ್ದೇನೆ. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಕೊಳೆಯ ಬೀಜಕಣ ಮೊಳೆಯುವುದಿಲ್ಲ, ಲೆಕ್ಕ ಅಷ್ಟೇ. ಮಳೆ ಹಿಡಿಯುವ ಮೊದಲು, ರೋಗ ತಗಲದ ಗೊನೆಗೆ, ಕೆಳಗಡೆ ಬಾಯಿ ಬಿಟ್ಟು ಕಟ್ಟಬೇಕು. ಎಲ್ಲ ಮರಕ್ಕೂ ಕಟ್ಟಿಸಲು ಕೂಲಿ ಪೂರೈಸುವುದಿಲ್ಲವಾದ್ದರಿಂದ ನಾನು ಕಣಿವೆಯ ತಗ್ಗಿನ ಇನ್ನೂರು ಮರಕ್ಕೆ ಮಾತ್ರ ಕಟ್ಟಿಸುತ್ತೇನೆ, ಏಕೆಂದರೆ ಪ್ರತಿ ವರ್ಷ ಕೊಳೆ ಶುರುವಾಗುವುದು ಅಲ್ಲಿಂದಲೇ. ಉಳಿದ ಮರಗಳಿಗೆ ಬೋರ್ಡೋ ಒಂದೇ ಸುತ್ತು ಸಾಕಾಗುತ್ತಿದೆ. ಮಳೆಗಾಲ ಮುಗಿದ ಮೇಲೆ ಕೊಟ್ಟೆಗಳನ್ನು ಒಂದೂ ಬಿಡದೆ ಇಳಿಸಿ ಎಣಿಸಿಕೊಳ್ಳಿ, ತೋಟದಲ್ಲಿ ಉಳಿದರೆ ಅದು ಬೇರೆಯದೇ ಅನಾಹುತ.

ಟ್ರೈಕೊಡರ್ಮಾದ ಮಾತು ಬಂದದ್ದರಿಂದ ಹೇಳುತ್ತೇನೆ: ಅದು ಮಣ್ಣಿನಿಂದ ಬರುವ ರೋಗಕ್ಕೆ, ಅಂದರೆ ಮೆಣಸಿನ ಸೊರಗು ರೋಗಕ್ಕೆ, ಅಡಿಕೆಯ ಅಣಬೆ ರೋಗಕ್ಕೆ. ತುದಿಯ ಕಾಯಿಕೊಳೆಗೆ ಅದನ್ನು ನಂಬಿ ಕೂರಬೇಡಿ. 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಪುಡಿ ಕಲಸಿ, ನೆರಳಿನಲ್ಲಿ ತೇವವಾಗಿ ಹದಿನೈದು ದಿನ ಮುಚ್ಚಿಟ್ಟು ಬುಡಕ್ಕೆ ಹಾಕಿ. ತಾಮ್ರ ಬಿದ್ದ ಬುಡಕ್ಕೆ ಅದರ ಹಿಂದೆಯೇ ಹಾಕಬೇಡಿ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ತಯಾರಾದ ದಿನಾಂಕ ಮತ್ತು ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಕಣ ಎಂಬ ಬರಹವಿಲ್ಲದಿದ್ದರೆ ಕೊಳ್ಳಲೇಬೇಡಿ. ಒಮ್ಮೆ ನಾನು ತಂದ ಪೊಟ್ಟಣವನ್ನು ಹದಿನೈದು ದಿನ ಇಟ್ಟರೂ ಗೊಬ್ಬರದ ಮೇಲೆ ಹಸಿರು ಬೆಳವಣಿಗೆಯ ಒಂದು ಚುಕ್ಕೆಯೂ ಕಾಣಲಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ಭಾನುವಾರ ಗುಂಪಿನ ಸಭೆ ಕರೆಯಲು ಕೇಳಿಕೊಂಡಿದ್ದೇನೆ. ತಾಮ್ರದ ಲೆಕ್ಕವನ್ನು ಅಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ, ರೋಗದ ವರ್ಷಕ್ಕೆ ಪರಿಹಾರ ಬೇಕೆಂಬ ಮನವಿಯನ್ನೂ ಅದೇ ನಡಾವಳಿಯಲ್ಲಿ ಸೇರಿಸುತ್ತೇವೆ. ನಮ್ಮಲ್ಲಿಯೂ ಕೊಳೆ ಮೊದಲು ಕಾಣಿಸಿದ್ದು ಹಳ್ಳದ ಬದಿಯ ಎಂಬತ್ತು ಮರಗಳಲ್ಲೇ. ಅವಕ್ಕೆ ಕೊಟ್ಟೆ ಕಟ್ಟಿಸಿ, ಉಳಿದವಕ್ಕೆ ಒಪ್ಪಿಗೆ ಬಂದರೆ ಮೃಗಶಿರಕ್ಕೆ ಮೊದಲು ಒಂದು ಸುತ್ತು ಹೊಡೆಸುತ್ತೇನೆ. ನಿನ್ನೆ ಸಂಜೆ ಮರಗಳನ್ನು ನೋಡುತ್ತ ಹೋದಾಗ ಹೋದ ವರ್ಷದ ಒಣ ಗೊನೆ ಹದಿನಾರು ಮರದಲ್ಲಿ ಹಾಗೇ ಇರುವುದು ಕಂಡಿತು. ನಾಳೆ ಅವನ್ನು ಇಳಿಸುವುದರಿಂದಲೇ ಕೆಲಸ ಶುರು ಮಾಡುತ್ತೇನೆ.