24 ಜನರನ್ನು ಕರೆದೆ, ಬಂದಿದ್ದು ಏಳೇ ಜನ

ಹಾಸನದವಳು, ಲಿಲಾಂಗ್ವೆ:
ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಮಲಾವಿಗೆ ಬಂದು ಆರು ವಾರ ಆಯಿತು. ಡೋವಾ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕ ಆಹಾರದ ಕೆಲಸ. ವಾಲಂಟಿಯರ್‌ಗಳನ್ನು ಸೇರಿಸುವುದು, ತರಬೇತಿ ಕೊಡಿಸುವುದು, ತಿಂಗಳ ವರದಿ ತರಿಸುವುದು ನನ್ನ ತಲೆ ಮೇಲಿದೆ. ಕಳೆದ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ 24 ಜನರನ್ನು ಕರೆದಿದ್ದೆ. ಹನ್ನೊಂದೂವರೆ ಹೊತ್ತಿಗೆ ಏಳು ಜನ ಬಂದರು. ಬಂದವರು ಮೊದಲು ಕೇಳಿದ್ದು ಅಲೋಯನ್ಸ್ ಎಷ್ಟು ಅಂತ. ಅಳುವೇ ಬಂತು.

ಜೊತೆಗೆ ಆರು ವರ್ಷದ ಮಗಳಿದ್ದಾಳೆ. ಯಜಮಾನರು ಬೆಂಗಳೂರಿನಲ್ಲೇ. ವಾರದಲ್ಲಿ ಮೂರು ದಿನ ನಾನು ಹಳ್ಳಿಗೆ ಹೋದರೆ ಮನೆಕೆಲಸದಾಕೆ ನೋಡಿಕೊಳ್ಳುತ್ತಾರೆ. ಮಗಳು ಅವರನ್ನು ‘ಅಮಾಯಿ’ ಅಂತಾಳೆ. ಅಂದರೆ ಅಮ್ಮ ಅಂತೆ. ಮಲೇರಿಯಾ ಭಯ ಬೇರೆ. ಏನು ಮಾಡಲಿ?

ದಾವಣಗೆರೆ ಅಕ್ಕ, ದಾರ್ ಎಸ್ ಸಲಾಮ್:
ಕುಕ್ಕರ್ ಗ್ಯಾಸ್ಕೆಟ್ ಎರಡು ಜಾಸ್ತಿ ತಂದಿದ್ದೀರಾ? ನಮ್ಮ ದುಂಡು ಪಿನ್ ಅಲ್ಲಿ ಹೋಗಲ್ಲ, ಚೌಕದ ಪಿನ್ ಬೇಕು. ಮಿಕ್ಸಿಗೆ ಅಡಾಪ್ಟರ್ ಇಟ್ಟುಕೊಳ್ಳಿ.

ಮಂಡ್ಯ ಅಂಕಲ್, ಜೋಹಾನ್ಸ್‌ಬರ್ಗ್:
ನೋಡಮ್ಮ, ನಾನು 26 ವರ್ಷದಿಂದ ಈ ಕಡೆ ಇದ್ದೀನಿ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಗುವನ್ನು ಮೊದಲು ಹಾಸನಕ್ಕೆ ಕಳಿಸು. ಆರು ವರ್ಷದ ಮಗುವಿಗೆ ಅಜ್ಜಿ ಬೇಕು, ಕನ್ನಡ ಬೇಕು, ಮನೆ ಊಟ ಬೇಕು. ಸಮಾಜಸೇವೆ ನಮ್ಮೂರಲ್ಲೇ ಮಾಡೋಕೆ ಬೇಕಾದಷ್ಟಿದೆ. ನನ್ನ ಇಬ್ಬರು ಮಕ್ಕಳೂ ಕನ್ನಡ ಓದಿ ಬರೀತಾರೆ. ಯಾಕೆ? ಪ್ರತಿ ರಜೆಗೂ ಊರಿಗೆ ಕಳಿಸಿದ್ದೆ.

ಮೈಸೂರಿಗೆ ವಾಪಸ್ ಬಂದವಳು (ಮೊದಲು ಮಲಾವಿಯ ಜೊಂಬಾ):
ಮೀಟಿಂಗ್ ಯಾವಾಗ ಕರೆದಿದ್ರಿ? ಈಗ ಡಿಸೆಂಬರ್ ಅಲ್ವಾ. ಮಳೆ ಬಿದ್ದಿದೆ, ಎಲ್ಲರೂ ಮೆಕ್ಕೆಜೋಳ ಬಿತ್ತುತ್ತಾ ಇರುತ್ತಾರೆ. ಬೆಳಿಗ್ಗೆ ಹೊಲ ಬಿಟ್ಟು ಯಾರು ಬರುತ್ತಾರೆ? ಮಧ್ಯಾಹ್ನ ಎರಡಕ್ಕೆ ಕರೆಯಿರಿ. ಜನವರಿ, ಫೆಬ್ರವರಿ ಇನ್ನೂ ಕಷ್ಟ. ಹಳೆ ಜೋಳ ಮುಗಿದು ಹೊಸದು ಬರೋ ತನಕ ಹಸಿವಿನ ತಿಂಗಳು. ಆಗ ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ಹೋಗ್ತಾರೆ. ಅದಕ್ಕೆ ‘ಗಾನ್ಯು’ ಅಂತಾರೆ. ಆ ಕಾಲದಲ್ಲಿ ಏಳು ಜನ ಬಂದರೆ ನಾನಾಗಿದ್ರೆ ಖುಷಿ ಪಡ್ತಿದ್ದೆ.

ಅಲೋಯನ್ಸ್ ಕೇಳಿದ್ದಕ್ಕೆ ಬೇಜಾರು ಬೇಡ. ಒಂದು ದಿನ ಮೀಟಿಂಗ್‌ಗೆ ಬಂದರೆ ಒಂದು ದಿನದ ಗಾನ್ಯು ಹೋಯಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ನಮ್ಮ ಆಶಾ ಕಾರ್ಯಕರ್ತೆಯರು ಕೇಳಿದ್ದೂ ಇದನ್ನೇ. ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ, ಪಕ್ಕದ ಸಂಸ್ಥೆಯವರು ಎಷ್ಟು ಕೊಡ್ತಾರೋ ಅಷ್ಟೇ ಹೇಳಿ. ಜಾಸ್ತಿ ಹೇಳಿದರೆ ಅವರ ಕೆಲಸ ಹಾಳು, ಕಡಿಮೆ ಹೇಳಿದರೆ ನಿಮ್ಮದು. ಕರೆಯೋದೂ ಊರಿನ ಮುಖ್ಯಸ್ಥರ ಮೂಲಕ. ಫೋನಿನಲ್ಲಿ ಮೆಸೇಜ್ ಹಾಕಿ ಕರೆದರೆ ಮರ್ಯಾದೆ ಇಲ್ಲ.

ಮಗುವಿಗೆ ಪ್ರತಿ ರಾತ್ರಿ ಸೊಳ್ಳೆಪರದೆ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ‘ವೈರಲ್ ಇರಬೇಕು, ನಾಳೆ ನೋಡೋಣ’ ಅನ್ನೋ ನಮ್ಮೂರ ಅಭ್ಯಾಸ ಅಲ್ಲಿ ಬೇಡ. ಅಮಾಯಿ ಅಂದರೆ ಅಮ್ಮ ನಿಜ, ಆದರೆ ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೀತಾರೆ. ನಾವು ತರಕಾರಿ ಮಾರೋರನ್ನ ‘ಅಮ್ಮಾ’ ಅನ್ನಲ್ವಾ?

ಬೆಳಗಾವಿ ಹುಡುಗ, ಹ್ಯೂಸ್ಟನ್:
ಅಂಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ಮಕ್ಕಳು ಕೈತಪ್ಪಿ ಹೋಗ್ತಾರೆ.

ಶಿವಮೊಗ್ಗದ ಅಮ್ಮ, ಗ್ಯಾಬರೋನ್:
ಅಂಕಲ್, ಕ್ಷಮಿಸಿ. ನಾನು ನೀವು ಹೇಳಿದ ಹಾಗೇ ಮಾಡಿದ್ದೆ. ಮಗನನ್ನು ಮೂರು ವರ್ಷ ನಮ್ಮಮ್ಮನ ಹತ್ತಿರ ಬಿಟ್ಟಿದ್ದೆ. ಕನ್ನಡ ಚೆನ್ನಾಗಿ ಬಂತು. ವಾಪಸ್ ಬಂದಾಗ ಊಟಕ್ಕೆ ಏನು ಬೇಕು ಅಂತ ಕೇಳಿದರೆ ‘ನೀವು ಏನು ಮಾಡಿದರೂ ಸರಿ’ ಅಂದ. ನೆಂಟರ ಮನೆಯಲ್ಲಿ ಮಾತಾಡೋ ಹಾಗೆ. ಈಗ ಅವನಿಗೆ ಹತ್ತೊಂಬತ್ತು. ಇವತ್ತಿಗೂ ನನಗೆ ‘ನೀವು’ ಅಂತಾನೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಯಾರೂ ‘ನೀವು’ ಅಂದವರಲ್ಲ.

ಮಂಡ್ಯ ಅಂಕಲ್, ಜೋಹಾನ್ಸ್‌ಬರ್ಗ್:
ಅದು ನಿಮ್ಮ ಮನೆ ವಿಷಯ. ಎಲ್ಲರಿಗೂ ಹಾಗೆ ಆಗಲ್ಲ. ಅಜ್ಜಿ ಸಂಸ್ಕಾರ ಕೊಟ್ಟಿದ್ದು ತಪ್ಪಾ?

ಬೆಳಗಾವಿ ಹುಡುಗ, ಹ್ಯೂಸ್ಟನ್:
ನಮ್ಮ ಭಾನುವಾರದ ಕನ್ನಡ ತರಗತಿ ಆನ್‌ಲೈನ್ ಇದೆ. ಯಾರು ಬೇಕಾದರೂ ಸೇರಬಹುದು. ಮಲಾವಿಯಲ್ಲಿ ರಾತ್ರಿ ಆಗಿರುತ್ತೆ ಅಷ್ಟೇ.

ದಾವಣಗೆರೆ ಅಕ್ಕ, ದಾರ್ ಎಸ್ ಸಲಾಮ್:
ಊಟ ಅಂದಿದ್ದಕ್ಕೆ ನೆನಪಾಯಿತು. ಅಲ್ಲಿ ರಾಗಿ ಸಿಗುತ್ತಾ?

ಹಾಸನದವಳು, ಲಿಲಾಂಗ್ವೆ:
ಸಿಗುತ್ತೆ ಅಕ್ಕಾ, ‘ಮವೆರೆ’ ಅಂತಾರೆ. ಗಂಜಿ ಮಾಡ್ತಾರೆ. ಆದರೆ ಇವರ ದಿನದ ಊಟ ಬಿಳಿ ಮೆಕ್ಕೆಜೋಳದ ಹಿಟ್ಟಿನ ನ್ಸೀಮಾ. ನಮ್ಮ ಮುದ್ದೆ ಥರಾನೇ, ಸ್ವಲ್ಪ ಮೆತ್ತಗೆ. ಜೊತೆಗೆ ಕುಂಬಳದ ಎಲೆ ಪಲ್ಯ. ತೊಗರಿ ಕೂಡ ಬೆಳೀತಾರೆ, ‘ನಂದೋಲೊ’ ಅಂತ. ಮನೆಯಲ್ಲಿ ನಾನು ಮಾಡಿದ ಅನ್ನ ತಿನ್ನಲ್ಲ ಅಂತ ಹಟ ಮಾಡೋ ನನ್ನ ಮಗಳು ಅಮಾಯಿ ಜೊತೆ ಕೂತು ಎರಡು ಉಂಡೆ ತಿಂತಾಳೆ. ನುಂಗೋದಿಲ್ಲ, ಅಗೀತಾಳೆ. ಅದನ್ನು ನಮ್ಮಪ್ಪ ನೋಡಿದರೆ ಬೈತಾರೆ.

ಮೈಸೂರು ಅಕ್ಕಾ, ದಯವಿಟ್ಟು ಮತ್ತೆ ಬನ್ನಿ. ನಾಳೆಯ ಮೀಟಿಂಗ್ ಇಲ್ಲ ಅಂತ ಈಗ ಫೋನ್ ಬಂತು. ಒಬ್ಬ ವಾಲಂಟಿಯರ್ ಮನೆಯಲ್ಲಿ ಸಾವು. ನಾನು ಏನು ಮಾಡಬೇಕು?

ಮಂಡ್ಯ ಅಂಕಲ್, ಜೋಹಾನ್ಸ್‌ಬರ್ಗ್:
ಮೀಟಿಂಗ್ ಮುಂದೆ ಹಾಕು. ಮೊದಲು ಇದಕ್ಕೆ ಉತ್ತರ ಕೊಡು. ಮಗುವಿನ ಅಜ್ಜಿ ಏನಂತಾರೆ?

ಮೈಸೂರಿಗೆ ವಾಪಸ್ ಬಂದವಳು:
ಹೋಗಿ. ಇದಕ್ಕಿಂತ ದೊಡ್ಡ ಮೀಟಿಂಗ್ ನಿಮಗೆ ಸಿಗಲ್ಲ. ಸಾವಿನ ಮನೆಗೆ, ಅಂದರೆ ‘ಮಲಿರೊ’ಗೆ, ಇಡೀ ಊರು ಕೆಲಸ ಬಿಟ್ಟು ಹೋಗುತ್ತೆ. ಬಾರದವರನ್ನು ನೆನಪಿಟ್ಟುಕೊಳ್ತಾರೆ. ಸೊಂಟಕ್ಕೆ ಚಿತೆಂಜೆ (ಅಲ್ಲಿನ ಹೆಂಗಸರು ಉಡೋ ಬಟ್ಟೆ) ಸುತ್ತಿಕೊಳ್ಳಿ, ಹೆಂಗಸರ ಜೊತೆ ನೆಲದ ಮೇಲೆ ಕೂತ್ಕೊಳ್ಳಿ. ಸ್ವಲ್ಪ ದುಡ್ಡು ಅಥವಾ ಹಿಟ್ಟು ಕೊಡಿ. ಮಾತು ಬರದಿದ್ದರೂ ಪರವಾಗಿಲ್ಲ, ಕೂತಿದ್ದರೆ ಸಾಕು. ರಿಪೋರ್ಟ್ ಫಾರಂ ಮಾತ್ರ ಬ್ಯಾಗಿನಿಂದ ತೆಗೆದಿಟ್ಟು ಹೋಗಿ.

ಹಾಸನದವಳು, ಲಿಲಾಂಗ್ವೆ:
ಚಿತೆಂಜೆ ಅಮಾಯಿ ಹತ್ತಿರ ಸಾಲ ತಗೊಂಡೆ. ಗಂಟು ಹಾಕೋದು ನನಗೆ ಬರಲಿಲ್ಲ. ಮಗಳು ಹಾಕಿಕೊಟ್ಟಳು.

ಬೆಳಗಾವಿ ಹುಡುಗ, ಹ್ಯೂಸ್ಟನ್:
ಕನ್ನಡ ತರಗತಿ ಲಿಂಕ್ ಯಾರಿಗೆ ಬೇಕು?

ಮಂಡ್ಯ ಅಂಕಲ್, ಜೋಹಾನ್ಸ್‌ಬರ್ಗ್:
ಅಜ್ಜಿ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.